ನಾಳೆಯ ಹಾರಾಟಕ್ಕೆ ಇಂದೇ ಪ್ಯಾರಾಚೂಟ್ ಕೊಳ್ಳಬೇಡಿ

ನಮ್ಮ ಕಡೆ ಪ್ಯಾರಾಚೂಟ್ ಅಂದರೆ ಯಾರೂ ಆಕಾಶ ನೋಡುವುದಿಲ್ಲ. ಬಚ್ಚಲುಮನೆ ಕಿಟಕಿಯಲ್ಲಿರುವ ನೀಲಿ ಬಾಟಲಿ ನೋಡುತ್ತಾರೆ. ‘ಪ್ಯಾರಾಚೂಟ್‌ಗೆ ಎರಡು ಲಕ್ಷ ಕೊಡ್ತಾನಂತಾ? ನಮ್ ತೋಟದ ಕೊಬ್ರಿನೇ ಗಾಣಕ್ಕೆ ಹಾಕ್ಸಿ ಎಣ್ಣೆ ಕಳ್ಸಿದ್ರಾಯ್ತು ಬಿಡು’ ಎಂದು ಚನ್ನರಾಯಪಟ್ಟಣ ತಾಲ್ಲೂಕಿನ ನಮ್ಮ ಅಜ್ಜಿ ಹೇಳಿದಾಗ ಮನೆಮಂದಿಯೆಲ್ಲ ನಕ್ಕರು. ನಗು ಮುಗಿದ ಮೇಲೆ ಎರಡು ಲಕ್ಷದ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ಪ್ರಶ್ನೆ ನನ್ನ ದೊಡ್ಡಮ್ಮನ ಮಗನದು. ಅರಕಲಗೂಡಿನಲ್ಲಿ ಹುಟ್ಟಿ ಬೆಳೆದವನು, ಈಗ ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸ. ಅಲ್ಲಿ ಸ್ಕೈಡೈವಿಂಗ್ ತರಬೇತಿಗೆ ಸೇರಿ, 25 ಜಿಗಿತ ಮುಗಿಸಿ ಮೊದಲ ಹಂತದ ‘ಎ’ ಲೈಸೆನ್ಸ್ ಪಡೆದಿದ್ದಾನೆ. ಇದುವರೆಗೆ ವಿಮಾನದಿಂದ 31 ಸಲ ಹಾರಿದ್ದಾನೆ. ಇಷ್ಟು ದಿನ ಬಾಡಿಗೆ ಪ್ಯಾರಾಚೂಟ್‌ನಲ್ಲಿ ನಡೆಯಿತು, ಇನ್ನು ಸ್ವಂತದ್ದು ಬೇಕಂತೆ. ಅನುಭವಿ ಜಿಗಿತಗಾರರೊಬ್ಬರು ತಮ್ಮ ಪೂರ್ತಿ ಸೆಟ್ಟನ್ನು 2,200 ಡಾಲರಿಗೆ ಕೊಡಲು ಮುಂದೆ ಬಂದಿದ್ದರು. ಹೊಸದಕ್ಕೆ ಏಳೆಂಟು ಸಾವಿರ ಡಾಲರ್ ಬೇಕು. ‘ನೀನು ಮೆಕ್ಯಾನಿಕಲ್ ಅಲ್ವೇನೇ ಪುಟ್ಟಿ, ಲೆಕ್ಕ ಹಾಕಿ ಹೇಳು. ಬಿಟ್ರೆ ಇನ್ನೊಬ್ರು ಹೊಡ್ಕೊಂಡ್ ಹೋಗ್ತಾರೆ’ ಎಂದು ಅಣ್ಣ ಎಲ್ಲ ವಿವರವನ್ನೂ ನನಗೆ ಕಳಿಸಿದ.

ನಾನು ಹೊಳೆನರಸೀಪುರದವಳು, ಹಾಸನದಲ್ಲಿ ಬಿ.ಇ. ಓದುತ್ತಿದ್ದೇನೆ. ವಿಮಾನದ ಮಾತಿರಲಿ, ಬಸ್ಸು ಪೂರ್ತಿ ನಿಂತ ಮೇಲೆ ಇಳಿಯುವವಳು. ಆದರೆ ಪ್ಯಾರಾಚೂಟ್ ಕೂಡ ಒಂದು ಯಂತ್ರ. ಅದಕ್ಕೂ ಭಾರ, ವಿಸ್ತೀರ್ಣ, ವೇಗದ ಲೆಕ್ಕವಿದೆ. ತಿಂಗಳುಗಟ್ಟಲೆ ಆ ಲೆಕ್ಕದೊಳಗೆ ಓಡಾಡಿದ ಮೇಲೆ ನನಗೊಂದು ಅಭಿಪ್ರಾಯ ಗಟ್ಟಿಯಾಗಿದೆ. ಅದು ಅಣ್ಣನಿಗಷ್ಟೇ ಅಲ್ಲ, ಮೊದಲ ಸಂಬಳಕ್ಕೆ ಕಾಯುತ್ತಿರುವ ನಮ್ಮೆಲ್ಲರಿಗೂ ಸಲ್ಲುತ್ತದೆ ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ. ಹೊಸಬರು ಕೊಳ್ಳುವ ಮೊದಲ ಸರಂಜಾಮು ಇವತ್ತು ಅವರಿಗೆ ಏನು ಬರುತ್ತದೋ ಅದಕ್ಕೆ ತಕ್ಕಂತಿರಬೇಕು. ನಾಳೆ ಏನಾಗಬೇಕೆಂದಿದ್ದಾರೋ ಅದಕ್ಕಲ್ಲ.

ಬೆನ್ನ ಮೇಲಿನ ನಾಲ್ಕು ವಸ್ತು

ಸ್ಕೈಡೈವಿಂಗ್ ಮಾಡುವವರು ಬೆನ್ನಿಗೆ ಕಟ್ಟಿಕೊಳ್ಳುವ ಚೀಲಕ್ಕೆ ರಿಗ್ ಎನ್ನುತ್ತಾರೆ. ಅದರಲ್ಲಿ ನಾಲ್ಕು ಮುಖ್ಯ ಭಾಗಗಳು. ಮೊದಲನೆಯದು ಎದೆ, ತೊಡೆ, ಹೆಗಲಿಗೆ ಬಿಗಿಯುವ ಹಾರ್ನೆಸ್ ಮತ್ತು ಅದಕ್ಕೇ ಹೊಲಿದ ಚೀಲ, ಅಂದರೆ ಕಂಟೇನರ್. ಎರಡನೆಯದು ಪ್ರತಿ ಜಿಗಿತದಲ್ಲೂ ಬಿಚ್ಚುವ ಮೇನ್ ಪ್ಯಾರಾಚೂಟ್. ಮೂರನೆಯದು ಮೇನ್ ಕೈಕೊಟ್ಟರೆ ಇರಲಿ ಎಂದು ಮಡಿಸಿಟ್ಟ ರಿಸರ್ವ್ ಪ್ಯಾರಾಚೂಟ್. ನಾಲ್ಕನೆಯದು ಎಎಡಿ ಎಂದು ಕರೆಯುವ, ಅಂಗೈಯಲ್ಲಿ ಹಿಡಿಯಬಹುದಾದ ಸಣ್ಣ ಯಂತ್ರ. ಎಲ್ಲ ಸೇರಿ ಹತ್ತು ಹನ್ನೊಂದು ಕಿಲೋ ತೂಗುತ್ತದೆ. ಇದರ ಜೊತೆಗೆ ಹೆಲ್ಮೆಟ್, ಕಣ್ಣಿಗೆ ಗಾಗಲ್ಸ್, ಎತ್ತರ ತೋರಿಸಲು ಕೈಗೊಂದು ಆಲ್ಟಿಮೀಟರ್.

ಸಿನಿಮಾದಲ್ಲಿ ನೋಡಿದ ಕೊಡೆಯಂಥ ದುಂಡು ಪ್ಯಾರಾಚೂಟನ್ನು ಮರೆತುಬಿಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಂಥವಕ್ಕೆ ರೇಷ್ಮೆ ಬೇಕಾಗಿ, ನಮ್ಮ ಮೈಸೂರು ಸೀಮೆಯ ರೇಷ್ಮೆಗೂ ಬೇಡಿಕೆ ಏರಿತ್ತು. ಈಗಿನದು ನೈಲಾನಿನದು, ಆಯತಾಕಾರದ್ದು. 1964ರಲ್ಲಿ ಡೊಮಿನಾ ಜಾಲ್ಬರ್ಟ್ ಎಂಬುವರು ರೂಪಿಸಿದ ವಿನ್ಯಾಸದ ಸಂತತಿ. ಸಾಲಾಗಿ ಹೊಲಿದ ಕೋಣೆಗಳಿಗೆ ಮುಂದಿನಿಂದ ಗಾಳಿ ತುಂಬಿಕೊಂಡು ಅದು ವಿಮಾನದ ರೆಕ್ಕೆಯ ಆಕಾರಕ್ಕೆ ಬರುತ್ತದೆ. ಹಾಗಾಗಿ ಇದು ನಮ್ಮನ್ನು ಸುಮ್ಮನೆ ತೂಗಿ ಇಳಿಸುವುದಿಲ್ಲ, ಹಾರಿಸಿಕೊಂಡು ಹೋಗುತ್ತದೆ. ಹಾರುವುದಕ್ಕೆ ವೇಗವಿದೆ, ವೇಗವಿರುವುದನ್ನು ನೆಲದ ಹತ್ತಿರ ನಿಲ್ಲಿಸಲು ಕಲಿಯಬೇಕು. ಕೊಳ್ಳುವ ತಕರಾರೆಲ್ಲ ಇಲ್ಲಿಂದಲೇ ಶುರು.

‘ಬೆಳೆಯೋ ಮಗು’ ಲೆಕ್ಕ

ಜೂನ್ ತಿಂಗಳಲ್ಲಿ ಹಾಸನದ ಬಟ್ಟೆ ಅಂಗಡಿಗಳಿಗೆ ಹೋಗಿ ನೋಡಿ. ಅಮ್ಮಂದಿರು ‘ಬೆಳೆಯೋ ಮಗು, ಎರಡಿಂಚು ದೊಡ್ಡದೇ ಕೊಡಿ’ ಎಂದು ಯೂನಿಫಾರ್ಮ್ ಆರಿಸುತ್ತಿರುತ್ತಾರೆ. ಏಳನೇ ಕ್ಲಾಸಿನ ಲಂಗವನ್ನು ಒಂಬತ್ತನೇ ಕ್ಲಾಸಿನವರೆಗೆ ಉಟ್ಟವರು ನಾವು. ತೋಳು ಮಡಚಿಕೊಂಡರೆ ಯಾರಿಗೂ ಪೆಟ್ಟಾಗುವುದಿಲ್ಲ.

ಪ್ಯಾರಾಚೂಟ್ ಪ್ರಪಂಚದಲ್ಲೂ ‘ಬೆಳೆಯೋ ಮಗು’ ಲೆಕ್ಕವಿದೆ, ಆದರೆ ತಿರುಗುಮುರುಗು. ಅಲ್ಲಿ ಅನುಭವ ಬೆಳೆದಂತೆಲ್ಲ ಪ್ಯಾರಾಚೂಟ್ ಚಿಕ್ಕದಾಗುತ್ತದೆ. ಚಿಕ್ಕದು ಚುರುಕು, ವೇಗ, ನೋಡಲು ಠೀವಿ. ಆದ್ದರಿಂದ ಹೊಸಬ ಯೋಚಿಸುವುದು ಹೀಗೆ: ‘ಹೇಗಿದ್ರೂ ಮುಂದಿನ ವರ್ಷ ಚಿಕ್ಕದಕ್ಕೇ ಹೋಗ್ತೀನಿ, ಈಗ ದೊಡ್ಡದಕ್ಕೆ ದುಡ್ಡು ಹಾಕೋದ್ಯಾಕೆ? ಒಂದೇ ಸಲ ಚಿಕ್ಕದೇ ತಗೊಂಡ್ರೆ ಉಳಿತಾಯ.’ ಅಣ್ಣ ಹೇಳಿದ್ದೂ ಇದನ್ನೇ. ಮಾರುವವರ ಮೇನ್ ಪ್ಯಾರಾಚೂಟ್ 150 ಚದರಡಿಯದು. ಅಣ್ಣ ಬಾಡಿಗೆಗೆ ಪಡೆದು ಹಾರುತ್ತಿದ್ದದ್ದು 230 ಚದರಡಿಯದರಲ್ಲಿ.

ಇದನ್ನು ಅಳೆಯಲು ವಿಂಗ್ ಲೋಡಿಂಗ್ ಎಂಬ ಸರಳ ಲೆಕ್ಕವಿದೆ. ಸರಂಜಾಮು ಸಮೇತ ಮನುಷ್ಯನ ತೂಕವನ್ನು ಪೌಂಡಿನಲ್ಲಿ ತೆಗೆದುಕೊಂಡು ಪ್ಯಾರಾಚೂಟಿನ ಚದರಡಿಯಿಂದ ಭಾಗಿಸಿದರಾಯಿತು. ಅಣ್ಣನ ತೂಕ 82 ಕಿಲೋ, ರಿಗ್ 11 ಕಿಲೋ, ಒಟ್ಟು 93. ಅಂದರೆ ಸುಮಾರು 205 ಪೌಂಡ್. 230 ಚದರಡಿಗೆ ಭಾಗಿಸಿದರೆ 0.89 ಬರುತ್ತದೆ. 150ಕ್ಕೆ ಭಾಗಿಸಿದರೆ 1.37. ಹೊಸಬರು 1.0ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗಿರಬೇಕು ಎಂಬುದು ಈ ಕ್ರೀಡೆಯಲ್ಲಿ ಎಲ್ಲೆಡೆ ಕೇಳಿಬರುವ ಬುದ್ಧಿಮಾತು.

0.89 ಮತ್ತು 1.37, ಕೇಳಲು ಅರ್ಧ ಅಂಕಿಯ ವ್ಯತ್ಯಾಸ. ಆದರೆ ಹಾರುವ ವೇಗ ವಿಂಗ್ ಲೋಡಿಂಗ್‌ನ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಆ ಪ್ರಕಾರ ಅಣ್ಣನ ವೇಗ ಸುಮಾರು ಶೇ 24ರಷ್ಟು ಹೆಚ್ಚುತ್ತದೆ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ, ನೆಲಕ್ಕೆ ಬಡಿದರೆ ಕಾಲು ತಾಳಬೇಕಾದ ಪೆಟ್ಟಿನ ಶಕ್ತಿ ಒಂದೂವರೆ ಪಟ್ಟಾಗುತ್ತದೆ. ಪಿಯುಸಿ ಫಿಸಿಕ್ಸ್ ಸಾಕು ಇದಕ್ಕೆ. ಜೊತೆಗೆ ಇನ್ನೊಂದು ವಿಷಯ. ಅಣ್ಣ ಕಲಿತದ್ದು ಸಮುದ್ರಮಟ್ಟಕ್ಕೆ ಹತ್ತಿರವಿರುವ ಬಯಲಿನಲ್ಲಿ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿನ ಗಾಳಿ ತೆಳು. ಅದೇ ಪ್ಯಾರಾಚೂಟ್ ತಂದು ನಮ್ಮ ಸೀಮೆಯಲ್ಲಿ ಹಾರಿದರೆ ವೇಗ ಇನ್ನೂ ಶೇ 4–5ರಷ್ಟು ಜಾಸ್ತಿ.

ಪ್ಯಾರಾಚೂಟ್ ಬಿಚ್ಚದೆ ಇದ್ದರೆ ಸಾವು ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಅನುಭವಿಗಳು ಹೆದರುವುದು ಇನ್ನೊಂದಕ್ಕೆ. ಸರಿಯಾಗಿ ಬಿಚ್ಚಿಕೊಂಡ, ಯಾವ ದೋಷವೂ ಇಲ್ಲದ ಪ್ಯಾರಾಚೂಟಿನ ಕೆಳಗೆ, ಇಳಿಯುವ ಹೊತ್ತಿನಲ್ಲಿ ಸಾಯುವವರ ಪಾಲು ಈ ಕ್ರೀಡೆಯಲ್ಲಿ ದೊಡ್ಡದು. ನೆಲದ ಹತ್ತಿರ ಯಾವುದೋ ಮರವೋ ತಂತಿಯೋ ಕಂಡು ಗಾಬರಿಯಲ್ಲಿ ಜೋರಾಗಿ ತಿರುಗಿಸುತ್ತಾರೆ. ತಿರುಗಿದಾಗ ಪ್ಯಾರಾಚೂಟ್ ಎತ್ತರ ಕಳೆದುಕೊಂಡು ಧುಮುಕುತ್ತದೆ. ದೊಡ್ಡದಾದರೆ ಆ ತಪ್ಪನ್ನು ಸ್ವಲ್ಪ ಮಟ್ಟಿಗೆ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಚಿಕ್ಕದು ಹಾಕಿಕೊಳ್ಳುವುದಿಲ್ಲ.

‘ಬೇಗ ಕಲಿತುಬಿಡ್ತೀನಿ’ ಎಂದ ಅಣ್ಣ. ಕಲಿಯುತ್ತಾನೆ, ಅನುಮಾನವಿಲ್ಲ. ಆದರೆ ಕಲಿಯುವ ತನಕದ ಒಂದೊಂದು ಜಿಗಿತವನ್ನೂ ಅದೇ 150ರಲ್ಲಿ ಇಳಿಯಬೇಕಲ್ಲ? ಎರಡಿಂಚು ದೊಡ್ಡ ಯೂನಿಫಾರ್ಮಿನಲ್ಲಿ ಎರಡು ವರ್ಷ ಕಾಯಬಹುದು. ಎಂಬತ್ತು ಚದರಡಿ ಚಿಕ್ಕ ಪ್ಯಾರಾಚೂಟಿನಲ್ಲಿ ಕಾಯಲು ಜಾಗವೇ ಇಲ್ಲ.

ಒಂದು ತಪ್ಪಿದರೆ ನಾಲ್ಕೂ ತಪ್ಪು

‘ಸರಿ, ಚೀಲ ಈಗ ತಗೊಂಡು ಒಳಗೆ ದೊಡ್ಡ ಪ್ಯಾರಾಚೂಟ್ ಹಾಕ್ಕೊಂಡ್ರೆ?’ ಇದು ಅಣ್ಣನ ಮುಂದಿನ ಉಪಾಯ. ಕೇಳಲು ಜಾಣತನವೇ. ಆದರೆ ಕಂಟೇನರ್ ಎಂಬುದು ಕಾಲೇಜು ಬ್ಯಾಗಲ್ಲ, ತುರುಕಿ ಜಿಪ್ ಎಳೆಯಲು. ಅದನ್ನು ಇಂತಿಷ್ಟು ಚದರಡಿಗೆಂದೇ ಹೊಲಿದಿರುತ್ತಾರೆ. ಒಂದು ಅಳತೆ ಮೇಲೆ, ಒಂದು ಅಳತೆ ಕೆಳಗೆ ಹಿಡಿಸೀತು. 150ಕ್ಕೆ ಹೊಲಿದದ್ದರಲ್ಲಿ 210 ಹಿಡಿಯುವುದಿಲ್ಲ. ಬಿಗಿಯಾಗಿ ತುಂಬಿದರೆ ಬಿಚ್ಚುವಾಗ ತೊಂದರೆ, ಸಡಿಲವಾದರೆ ಬೇಡದ ಹೊತ್ತಿನಲ್ಲಿ ಬಿಚ್ಚಿಕೊಳ್ಳುವ ಅಪಾಯ. ರಿಸರ್ವ್ ಕೂಡ ಅದೇ ಚೀಲದ ಅಳತೆಗೆ ಕಟ್ಟುಬಿದ್ದಿರುತ್ತದೆ. ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲೂ ಇಳಿಸಬೇಕಾದದ್ದು ರಿಸರ್ವ್. ಅದು ಚಿಕ್ಕದಿದ್ದರೆ ಹೇಗೆ?

ಹಾರ್ನೆಸ್ಸಿನ ಕಥೆಯೂ ಅಷ್ಟೇ. ಮಾರುವವರಿಗಿಂತ ಅಣ್ಣ ನಾಲ್ಕಿಂಚು ಎತ್ತರ. ಬೇರೊಬ್ಬರ ಮುಂಡಕ್ಕೆ ಹೊಲಿದ ಪಟ್ಟಿ ಬಿಗಿದರೆ ಹ್ಯಾಂಡಲ್‌ಗಳು ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ತುರ್ತಿನಲ್ಲಿ ಕೈ ತಡಕಾಡುತ್ತದೆ. ಆದ್ದರಿಂದ ಸರಿಯಾದ ಕ್ರಮ ಹೀಗಿದೆ: ಮೊದಲು ಮೈಯಳತೆ, ತೂಕ. ಅದರಿಂದ ಇವತ್ತಿಗೆ ಬೇಕಾದ ಚದರಡಿ. ಚದರಡಿಯಿಂದ ಚೀಲ. ಕೊನೆಗೆ ಬೆಲೆ. ನಾವು ಮಾಡುವುದು ಉಲ್ಟಾ. ಬೆಲೆಯಿಂದ ಶುರುಮಾಡಿ ಮೈಯನ್ನು ಚೀಲಕ್ಕೆ ಹೊಂದಿಸಲು ಹೊರಡುತ್ತೇವೆ.

ಕಾಣದ್ದಕ್ಕೆ ಮೊದಲ ದುಡ್ಡು

ಹೊಸಬರ ಕಣ್ಣು ಬೀಳುವುದು ಬಣ್ಣದ ಮೇಲೆ, ಹೆಲ್ಮೆಟ್ಟಿಗೆ ಸಿಕ್ಕಿಸುವ ಕ್ಯಾಮೆರಾ ಮೇಲೆ. ರೀಲ್ಸ್ ಕಾಲವಲ್ಲವೇ? ಅಮೆರಿಕದ ಪ್ಯಾರಾಚೂಟ್ ಸಂಘವಾದರೋ 200 ಜಿಗಿತ ಮುಗಿಯುವ ತನಕ ಕ್ಯಾಮೆರಾ ಬೇಡ ಎಂದು ಸಲಹೆ ಮಾಡುತ್ತದೆ. ಗಮನ ಲೆನ್ಸಿನ ಮೇಲಿದ್ದರೆ ಆಲ್ಟಿಮೀಟರ್ ನೋಡುವವರು ಯಾರು? ಕ್ಯಾಮೆರಾ ತಂತಿಗೆ ಸಿಕ್ಕಿಕೊಳ್ಳುವ ಭಯ ಬೇರೆ.

ದುಡ್ಡು ಮೊದಲು ಹೋಗಬೇಕಾದದ್ದು ಫೋಟೊದಲ್ಲಿ ಕಾಣದ ವಸ್ತುಗಳಿಗೆ. ಎಎಡಿಯನ್ನೇ ತೆಗೆದುಕೊಳ್ಳಿ. ಜಿಗಿದವರು ಪ್ರಜ್ಞೆ ತಪ್ಪಿಯೋ, ದಿಕ್ಕು ತಪ್ಪಿಯೋ ಪ್ಯಾರಾಚೂಟ್ ಬಿಚ್ಚದೇ ಹೋದರೆ ಅದು ಗಾಳಿಯ ಒತ್ತಡದಿಂದ ಎತ್ತರ, ವೇಗ ಎರಡನ್ನೂ ಲೆಕ್ಕಹಾಕಿ ತಾನೇ ರಿಸರ್ವ್ ಬಿಚ್ಚಿಸುತ್ತದೆ. ಜರ್ಮನಿಯ ‘ಸೈಪ್ರೆಸ್’ ಎಂಬ ಹೆಸರಿನದು 1991ರಲ್ಲಿ ಬಂದ ಮೇಲೆ ಇದು ಮನೆಮಾತಾಯಿತು. ಸಾಮಾನ್ಯ ಮಾದರಿಗಳು ನೆಲದಿಂದ ಸುಮಾರು 750 ಅಡಿಯಲ್ಲಿ ಕೆಲಸ ಮಾಡುತ್ತವೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನನ್ನು ಒಂದರ ಮೇಲೊಂದು ಹದಿಮೂರು ಸಲ ನಿಲ್ಲಿಸಿದಷ್ಟು ಎತ್ತರ. ಬಹಳ ಅನ್ನಿಸುತ್ತದೆ. ಆದರೆ ಗಂಟೆಗೆ 190 ಕಿ.ಮೀ. ವೇಗದಲ್ಲಿ ಬೀಳುವವರಿಗೆ ಅದು ನಾಲ್ಕು ಸೆಕೆಂಡಿನ ದಾರಿ. ಆ ನಾಲ್ಕು ಸೆಕೆಂಡಿಗಾಗಿ ಲಕ್ಷ ರೂಪಾಯಿಗೂ ಮೇಲೆ ಕೊಟ್ಟು, ಅದು ಒಮ್ಮೆಯೂ ಕೆಲಸ ಮಾಡದಿರಲಿ ಎಂದು ಬೇಡಿಕೊಳ್ಳಬೇಕು. ಹಾಸನದಲ್ಲಿ ಓದುವ ನಮಗೆ ಇದು ಅರ್ಥವಾಗದ ಮಾತಲ್ಲ. 1982ರಿಂದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿರುವ ಇಸ್ರೊದ ಎಂಸಿಎಫ್ ನಮ್ಮೂರಲ್ಲೇ ಇದೆ. ಅಂಥ ಉಪಗ್ರಹಗಳನ್ನು ಒಂದು ಕೆಟ್ಟರೆ ಇನ್ನೊಂದು ಎಂಬ ಏರ್ಪಾಡಿನೊಂದಿಗೆ ಮೇಲೆ ಕಳಿಸುವುದು ರೂಢಿ.

ಎತ್ತಿನ ಹಲ್ಲು, ರಿಗ್ಗಿನ ತಾರೀಖು

ಹಾಗಂತ ಸೆಕೆಂಡ್ ಹ್ಯಾಂಡ್ ಕೊಳ್ಳಲೇಬಾರದೇ? ಖಂಡಿತ ಕೊಳ್ಳಬಹುದು. ಹೊಸಬರಿಗೆ ಅದೇ ಲೇಸು ಎನ್ನುವುದು ನನ್ನ ಮಾತು. ವರ್ಷದಲ್ಲೋ ಎರಡು ವರ್ಷದಲ್ಲೋ ಬದಲಾಯಿಸಬೇಕಾದ ಅಳತೆಗೆ ಏಳು ಲಕ್ಷ ಸುರಿಯುವುದು ಯಾಕೆ? ಕೊಳ್ಳುವ ರೀತಿ ಗೊತ್ತಿರಬೇಕು, ಅಷ್ಟೆ.

ನಮ್ಮ ತಾತ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು, ನಡೆಸಿ ನೋಡುತ್ತಿದ್ದರು, ಜೊತೆಗೆ ತಿಳಿದವರೊಬ್ಬರನ್ನು ಕರೆದೊಯ್ಯುತ್ತಿದ್ದರು. ಮೈ ಮಿನುಗುವುದನ್ನು ಕೊನೆಗೆ ನೋಡುತ್ತಿದ್ದರು. ರಿಗ್ಗಿಗೂ ಹಲ್ಲಿದೆ, ಅದು ತಯಾರಾದ ತಾರೀಖು. ಎಎಡಿಗೆ ಆಯುಸ್ಸಿದೆ. ಮಾದರಿಗೆ ತಕ್ಕಂತೆ ಹನ್ನೆರಡರಿಂದ ಇಪ್ಪತ್ತು ವರ್ಷ, ಆಮೇಲೆ ಅದು ಬರೀ ಡಬ್ಬಿ. ಮೇನ್ ಎಷ್ಟು ಜಿಗಿತ ಕಂಡಿದೆ? ದಾರಗಳನ್ನು ಬದಲಾಯಿಸಿದ್ದು ಯಾವಾಗ? ರಿಸರ್ವ್ ಎಷ್ಟು ಸಲ ಬಳಕೆಯಾಗಿದೆ? ಬಟ್ಟೆಗೆ ಬಿಸಿಲು, ನೀರು ತಗುಲಿದೆಯೇ? ತಯಾರಕರು ಸರಿಪಡಿಸಲು ಸೂಚನೆ ಕೊಟ್ಟಿದ್ದರೆ ಅದು ಆಗಿದೆಯೇ? ಇವನ್ನು ಕೇಳಬೇಕು, ದಾಖಲೆ ನೋಡಬೇಕು. ಜೊತೆಗೆ ಕರೆದೊಯ್ಯಬೇಕಾದ ತಿಳಿದವರೆಂದರೆ ರಿಗ್ಗರ್. ರಿಸರ್ವ್ ಮಡಿಸಲು, ಪರೀಕ್ಷಿಸಲು, ರಿಪೇರಿ ಮಾಡಲು ಪರವಾನಗಿ ಇರುವವರು ಅವರೇ. ಅಮೆರಿಕದಲ್ಲಿ ರಿಸರ್ವನ್ನು ಬಳಸಲಿ ಬಿಡಲಿ, 180 ದಿನಕ್ಕೊಮ್ಮೆ ಅವರು ಬಿಚ್ಚಿ ನೋಡಿ ಮತ್ತೆ ಮಡಿಸಲೇಬೇಕು. ಅವರ ಕೈಗೆ ಕೊಡದೆ ದುಡ್ಡು ಕೊಡಬೇಡಿ.

ಅಣ್ಣ ನೋಡಿದ ಸೆಟ್ಟನ್ನು ರಿಗ್ಗರ್‌ಗೆ ತೋರಿಸಲು ಮಾರುವವರು ತಕ್ಷಣ ಒಪ್ಪಿದರು. ಮಾಲಿನಲ್ಲಿ ಮೋಸವಿರಲಿಲ್ಲ. ಬಟ್ಟೆ ಚೆನ್ನಾಗಿತ್ತು, ದಾಖಲೆ ಸರಿಯಿತ್ತು, ಎಎಡಿಗೆ ಮಾತ್ರ ಎರಡು ವರ್ಷದ ಆಯುಸ್ಸು ಉಳಿದಿತ್ತು. ಇಲ್ಲಿಯೇ ನಾವು ಎಚ್ಚರವಾಗಿರಬೇಕು. ಕೆಟ್ಟ ಮಾಲನ್ನು ಬೇಡ ಎನ್ನುವುದು ಸುಲಭ. ಒಳ್ಳೆಯ ಮಾಲು, ಒಳ್ಳೆಯ ಬೆಲೆ, ಒಳ್ಳೆಯ ಮನುಷ್ಯ, ಆದರೆ ನಮಗಲ್ಲ. ಅದನ್ನು ಬೇಡ ಎನ್ನುವುದೇ ಕಷ್ಟ.

ಬಾಡಿಗೆ ದಂಡವೇ?

ಅಣ್ಣನ ಕೊನೆಯ ವಾದ ಬಲವಾದದ್ದು. ‘ಒಂದೊಂದು ಸಲಕ್ಕೂ 30 ಡಾಲರ್ ಬಾಡಿಗೆ. ಎಪ್ಪತ್ತಮೂರು ಸಲ ಹಾರಿದ್ರೆ ಈ ಸೆಟ್ಟಿನ ದುಡ್ಡು ಹೋಯ್ತು. ಕೈಗೆ ಏನು ಉಳೀತು?’ ಇದನ್ನು ತಳ್ಳಿಹಾಕುವಂತಿಲ್ಲ. ಸ್ವಂತದ್ದಿದ್ದರೆ ಇನ್ನೊಂದು ಅನುಕೂಲವೂ ಇದೆ. ಪ್ರತಿ ಸಲ ಅದೇ ಹ್ಯಾಂಡಲ್, ಅದೇ ಬ್ರೇಕ್, ಅದೇ ನಡೆ. ಕೈಗೆ ರೂಢಿಯಾಗುತ್ತದೆ. ರೂಢಿಯೂ ಒಂದು ಸುರಕ್ಷತೆ.

ಆದರೂ ನನ್ನ ಉತ್ತರ ಇಷ್ಟು. ಬಾಡಿಗೆಯ ದುಡ್ಡಿಗೆ ಏನೂ ಉಳಿಯಲಿಲ್ಲ ಎನ್ನುವುದು ಸರಿಯಲ್ಲ. 230ರಿಂದ 210ಕ್ಕೆ, 210ರಿಂದ 190ಕ್ಕೆ ಒಂದೊಂದೇ ಮೆಟ್ಟಿಲು ಇಳಿದು ನೋಡುವ ಅವಕಾಶಕ್ಕೆ ಕೊಡುವ ಬೆಲೆ ಅದು. ಮೂರು ಅಳತೆಗೆ ಮೂರು ಸೆಟ್ ಕೊಳ್ಳುವ ಬದಲು ಬಾಡಿಗೆ ಕೊಡುತ್ತೇವೆ. ಯಾವ ಅಳತೆಯಲ್ಲಿ ಗಾಳಿಯಿದ್ದರೂ ಇಲ್ಲದಿದ್ದರೂ ಸಲೀಸಾಗಿ, ಹೇಳಿದ ಜಾಗದಲ್ಲಿ, ಎದ್ದು ನಿಂತು ಇಳಿಯಬಲ್ಲೆವೋ ಅದು ಗೊತ್ತಾದ ಮೇಲೆ ಆ ಅಳತೆಯದನ್ನು ಕೊಂಡರಾಯಿತು. ಅಲ್ಲಿಯವರೆಗೆ ಸ್ವಂತಕ್ಕೆ ಏನೂ ಬೇಡವೇ? ಬೇಕು. ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್, ಗಾಗಲ್ಸ್, ಆಲ್ಟಿಮೀಟರ್. ಅನುಭವ ಬೆಳೆದರೂ ಇವುಗಳ ಅಳತೆ ಬದಲಾಗುವುದಿಲ್ಲ.

ಊರಿಗೆ ತಂದರೆ ಎಲ್ಲಿ ಹಾರುವುದು?

ಮುಂದಿನ ವರ್ಷ ಅಣ್ಣ ವಾಪಸ್ ಬರುವ ಯೋಚನೆಯಲ್ಲಿದ್ದಾನೆ. ಸೆಟ್ ಜೊತೆಗೇ ತರುತ್ತಾನಂತೆ. ತಂದು ಎಲ್ಲಿ ಇಡುವುದು? ಅರಕಲಗೂಡಿನ ಮನೆಯ ಅಟ್ಟದಲ್ಲೇ? ಹೊಳೆನರಸೀಪುರದ ಮೇಲೆ ಹಾದು ಮೈಸೂರಿಗೆ ಹೋದರೆ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಹಿಂದೆ ಸ್ಕೈಡೈವಿಂಗ್ ಶಿಬಿರಗಳು ನಡೆದದ್ದುಂಟು. ಆದರೆ ಅಮೆರಿಕದ ಹಾಗೆ ಪ್ರತಿ ಶನಿವಾರ, ಭಾನುವಾರ ಹೋಗಿ ಹಾರಿ ಬರುವ ಜಾಗ ನಮ್ಮ ಸುತ್ತಮುತ್ತ ಇಲ್ಲ. ತಿಂಗಳುಗಟ್ಟಲೆ ಹಾರದೆ ಇದ್ದವರ ಕೈ ಜಡವಾಗುತ್ತದೆ. ಹಾಗಾದವರಿಗೆ ಇನ್ನೂ ದೊಡ್ಡ, ಇನ್ನೂ ಸಾಧು ಪ್ಯಾರಾಚೂಟೇ ಬೇಕು. ರಿಸರ್ವ್ ಮಡಿಸಿಕೊಡುವ ರಿಗ್ಗರ್‌ನನ್ನು ಹುಡುಕುವ ಪಾಡು ಬೇರೆ.

ಸರ್ಕಾರದ ಪಾತ್ರದ ಬಗ್ಗೆಯೂ ಒಂದು ಮಾತು. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ರಾಷ್ಟ್ರೀಯ ವಾಯುಕ್ರೀಡಾ ನೀತಿ ಪ್ರಕಟಿಸಿತು. ಸ್ಕೈಡೈವಿಂಗ್ ಕೂಡ ಅದರಲ್ಲಿದೆ, ಸರಂಜಾಮನ್ನು ದೇಶದಲ್ಲೇ ತಯಾರಿಸಬೇಕೆಂಬ ಆಶಯವೂ ಇದೆ. ಕೌಶಲ ನಮ್ಮಲ್ಲಿ ಇಲ್ಲವೇ? ಕಾನ್ಪುರದ ಪ್ಯಾರಾಚೂಟ್ ಕಾರ್ಖಾನೆ 1941ರದು. 2025ರ ಅಕ್ಟೋಬರ್‌ನಲ್ಲಿ 32,000 ಅಡಿಯಿಂದ ಜಿಗಿದು ಪರೀಕ್ಷಿಸಿದ ಸೇನೆಯ ಪ್ಯಾರಾಚೂಟ್ ವ್ಯವಸ್ಥೆಯನ್ನು ರೂಪಿಸಿದ್ದು ಡಿಆರ್‌ಡಿಒದ ಆಗ್ರಾ ಮತ್ತು ಬೆಂಗಳೂರಿನ ಪ್ರಯೋಗಾಲಯಗಳು. ಸೇನೆಗೆ ಆಗುವುದು ನಾಗರಿಕರಿಗೂ ಆಗಲಿ. ಹಾಸನದ ಪಕ್ಕದ ಬೂವನಹಳ್ಳಿ ವಿಮಾನ ನಿಲ್ದಾಣದ ಮಾತು ನಾನು ಹುಟ್ಟುವ ಮೊದಲಿನಿಂದಲೂ ಇದೆ. ಇಂಥ ಕಡೆ ಮುಂದೆಂದಾದರೂ ವಾಯುಕ್ರೀಡೆಗೆ ಜಾಗ ಸಿಗುವುದಾದರೆ ಮೊದಲು ಬರಬೇಕಾದದ್ದು ಟಿಕೆಟ್ ಕೌಂಟರ್ ಅಲ್ಲ. ಎಲ್ಲ ಅಳತೆಯ ಬಾಡಿಗೆ ಸೆಟ್‌ಗಳ ಒಂದು ಮಳಿಗೆ, ಪರವಾನಗಿ ಪಡೆದ ರಿಗ್ಗರ್‌ಗಳು. ಹೊಲಿಗೆ, ಬಟ್ಟೆ, ಲೋಹ, ಎಲೆಕ್ಟ್ರಾನಿಕ್ಸ್ ಎಲ್ಲ ಬೇಕಾಗುವ ಕೆಲಸ ಅದು. ಐಟಿಐ, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವವರಿಗೂ ಒಂದು ದಾರಿಯಾದೀತು.

ನೆಲದ ಮೇಲಿರುವ ನಮಗೆ

‘ನಾನೇನು ವಿಮಾನದಿಂದ ಹಾರ್ತೀನಾ?’ ಎಂದು ನೀವು ಕೇಳಬಹುದು. ನಮ್ಮ ಕ್ಲಾಸಿನಲ್ಲಿ ಲೈಸೆನ್ಸ್ ಬಂದು ಮೂರು ತಿಂಗಳಾಗದ ಹುಡುಗರು ಶಿರಾಡಿ ಘಾಟಿಗೆ ಹೋಗಲು 390 ಸಿಸಿ ಬೈಕಿನ ಇಎಂಐ ಲೆಕ್ಕ ಹಾಕುತ್ತಿದ್ದಾರೆ. ಬೈಕಿಗೆ ಮೂರು ಲಕ್ಷ, ಹೆಲ್ಮೆಟ್ಟಿಗೆ ಮುನ್ನೂರು ರೂಪಾಯಿ. ಪೈಥಾನ್‌ನಲ್ಲಿ ಲೂಪ್ ಬರೆಯಲು ತಡವರಿಸುವವರು ಸಾಲ ಮಾಡಿ ಲಕ್ಷದ ಎಐ ಕೋರ್ಸಿಗೆ ಸೇರುತ್ತಿದ್ದಾರೆ. ಕೇಳಿದರೆ ‘ಹೇಗಿದ್ರೂ ಮುಂದೆ ಬೇಕಾಗುತ್ತಲ್ಲ’ ಎನ್ನುತ್ತಾರೆ. ಮುಂದೆ ಬೇಕಾಗುವುದನ್ನು ಮುಂದೆ ಕೊಳ್ಳಬಹುದು. ಇವತ್ತು ಬೇಕಾದದ್ದನ್ನು ಇವತ್ತೇ ಕೊಳ್ಳದಿದ್ದರೆ ಮುಂದೆ ಎಂಬುದು ಬರುವುದೇ ಅನುಮಾನ.

ಇದು ಆಸೆ ಕಡಿಮೆ ಮಾಡಿಕೊಳ್ಳಿ ಎಂಬ ಹಿರಿಯರ ಉಪದೇಶವಲ್ಲ. ನಮ್ಮ ಹೇಮಾವತಿ ಅಣೆಕಟ್ಟಿನ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ ಅವರ ಆಸೆ ಚಿಕ್ಕದಾಗಿತ್ತೇ? ಸಾಮಾನ್ಯ ಜನರನ್ನು ವಿಮಾನ ಹತ್ತಿಸಿದವರು ಅವರು. ಆದರೆ ಅವರೂ 1990ರ ದಶಕದಲ್ಲಿ ಆರಂಭಿಸಿದ್ದು ಹೆಲಿಕಾಪ್ಟರ್ ಸೇವೆಯನ್ನು. ಏರ್ ಡೆಕ್ಕನ್ ಬಂದದ್ದು 2003ರಲ್ಲಿ. ದೊಡ್ಡ ಆಸೆ ಇರುವವರೇ ಮೆಟ್ಟಿಲನ್ನು ಎಣಿಸಿ ಹತ್ತಬೇಕು. ಬಿದ್ದರೆ ನಷ್ಟವಾಗುವುದೂ ಅವರಿಗೇ.

ಅಣ್ಣ ಆ 150ರ ಸೆಟ್ಟನ್ನು ಬಿಟ್ಟ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ, ಮೂರನೇ ದಿನ ಹೆಲ್ಮೆಟ್ ಫೋಟೊ ಕಳಿಸಿದ. ಈಗ ಬಾಡಿಗೆಯ 210ರಲ್ಲಿ ಹಾರುತ್ತಿದ್ದಾನೆ. ಆ 150 ಇನ್ನೊಬ್ಬರ ಪಾಲಾಯಿತು. ಅವರು ನಾನೂರು ಜಿಗಿತ ಮುಗಿಸಿದವರಂತೆ, ಅವರಿಗೆ ಅದು ಸರಿಹೊಂದುತ್ತದೆ. ಯಾವ ವಸ್ತುವೂ ತಾನಾಗಿ ಒಳ್ಳೆಯದಲ್ಲ, ಕೆಟ್ಟದ್ದಲ್ಲ. ಅದನ್ನು ಯಾರು, ಯಾವಾಗ ಕೊಳ್ಳುತ್ತಾರೆ ಎನ್ನುವುದರ ಮೇಲಿದೆ. ಹತ್ತು ಸಾವಿರ ಅಡಿ ಎತ್ತರದಲ್ಲಿ ಬಾಗಿಲು ತೆರೆದಾಗ ಜಿಗಿಯುವುದು ಇವತ್ತಿನ ನಾವು. ಐನೂರು ಜಿಗಿತ ಮುಗಿಸಿದ ನಾಳೆಯ ನಾವು ಆ ವಿಮಾನದಲ್ಲಿ ಇರುವುದಿಲ್ಲ.